ಕಾಡಿನ ಆಡಳಿತ ಮಂಡಳಿ: ಅಧಿಕಾರ ಮತ್ತು ಕರ್ತವ್ಯ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನ ನಮಗೂ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ನಾವು ಓದಿರುವುದು ಎಸ್.ಎಸ್.ಎಲ್.ಸಿ. ಮಾತ್ರ. ದೊಡ್ಡ ಭಾಷಣಗಾರರಲ್ಲ. ಮೇವು, ಹಿಂಡಿ, ಫ್ಯಾಟಿನ ವಿಷಯ ಮಾತಾಡಿ ಅಂತ ಕೆಲವರು ಸಲಹೆ ಕೊಟ್ಟರು. ಅದನ್ನು ವಿಸ್ತರಣಾಧಿಕಾರಿಗಳು ನಮಗಿಂತ ಚೆನ್ನಾಗಿ ಹೇಳುತ್ತಾರೆ. ನಾವು ಇವತ್ತು ಕಾಡಿನ ವಿಷಯ ಮಾತಾಡುತ್ತೇವೆ. ಕಾಡನ್ನು ನೋಡಿಕೊಳ್ಳುವ ಮಂಡಳಿ, ಸಮಿತಿಗಳು ಯಾವುವು, ಅವುಗಳಿಗೆ ಇರುವ ಅಧಿಕಾರ ಏನು, ಕರ್ತವ್ಯ ಏನು, ಅದರಲ್ಲಿ ನಮ್ಮ ಪಾಲು ಎಷ್ಟು ಎಂಬುದೇ ವಿಷಯ.

ಡೈರಿಗೂ ಕಾಡಿಗೂ ಏನಪ್ಪಾ ಸಂಬಂಧ ಅಂತ ಕೇಳಬೇಡಿ. ಸುಲ್ತಾನ್ ಬತೇರಿ ರಸ್ತೆಯಲ್ಲಿ ನಮ್ಮ ಮದ್ದೂರು ಚೆಕ್‌ಪೋಸ್ಟ್ ದಾಟಿದರೆ ಬಂಡೀಪುರದ ಕಾಡು. ನಮ್ಮ ಹೊಲದ ಬದು ಮುಗಿಯುವ ಕಡೆ ಆನೆ ಕಂದಕ. ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಕಾಡಿನ ಭಯ ಇಲ್ಲದ ಮನೆ ಯಾವುದಿದೆ ಹೇಳಿ?

ನಮ್ಮ ಮನೆಯಲ್ಲೇ ನಡೆದ ಸಂಗತಿ ಹೇಳಿಬಿಡುತ್ತೇವೆ. ಕೆಲವು ವರ್ಷದ ಹಿಂದೆ ಹೊತ್ತು ಮುಳುಗುವ ಸಮಯದಲ್ಲಿ ಹೊಲದಂಚಿನಲ್ಲಿ ಕಟ್ಟಿದ್ದ ಸೀಮೆಹಸುವನ್ನು ಹುಲಿ ಹೊಡೆದು ಹಾಕಿತು. ಎರಡು ಹೊತ್ತು ಹಾಲು ಕರೆಯುತ್ತಿದ್ದ ಹಸು. ಸಾಲ ಇನ್ನೂ ತೀರಿರಲಿಲ್ಲ. ಅವ್ವ ಅಳುವುದನ್ನು ನೋಡಲಾರದೆ ನಾವು ರಾತ್ರಿಯೇ ಗುಂಡಿ ತೋಡಿ ಹೂತುಬಿಟ್ಟೆವು. ಬೆಳಗ್ಗೆ ಹತ್ತು ಜನ ಸೇರಿ ಕಾವಲುಗಾರನನ್ನು ತಡೆದು ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಅಂದೆವು. ಆತ ಕಾಲೋನಿಯ ಹುಡುಗ, ದಿನಗೂಲಿ. ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಹೇಳಿದ: “ಅಣ್ಣ, ನಂಗೇನು ಅಧಿಕಾರ ಐತೆ? ನೀವೇ ಪರಿಸರ ಅಭಿವೃದ್ಧಿ ಸಮಿತಿ ಮೆಂಬರಲ್ವಾ? ಕಂದಕ ಮುಚ್ಚೋಗದೆ ಅಂತ ಮೀಟಿಂಗಲ್ಲಿ ಬರೆಸಿದ್ರೆ ಮೇಲಕ್ಕೆ ಹೋಗ್ತಿತ್ತು.”

ಮಾತು ನಿಜವಾಗಿತ್ತು. ನಾವು ಮೂರು ವರ್ಷ ಆ ಸಮಿತಿಯ ಸದಸ್ಯರು. ಹೋದದ್ದು ಒಂದೇ ಸಭೆಗೆ. ಉಳಿದ ಸಭೆಗಳಿಗೆ ನಡವಳಿ ಪುಸ್ತಕ ಮನೆಗೆ ಬಂದಾಗ ಓದದೆ ಸಹಿ ಹಾಕಿದ್ದೆವು. ಹಸುವನ್ನು ಹೂತುಬಿಟ್ಟಿದ್ದರಿಂದ ಮಹಜರಿಗೂ ಏನೂ ಉಳಿದಿರಲಿಲ್ಲ, ಪರಿಹಾರವೂ ಸಿಕ್ಕಲಿಲ್ಲ. ಆ ರಾತ್ರಿ ಅವ್ವ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಅಲ್ಲಾ ಕನಪ್ಪ, ಡೈರೀಲಿ ಒಂದು ಪಾಯಿಂಟು ಫ್ಯಾಟು ಕಮ್ಮಿ ಬಂದ್ರೆ ಕ್ಯಾನು ಹಿಡ್ಕಂಡು ಜಗಳ ಮಾಡ್ತೀಯ. ಹಸ ಹೋದ್ರೆ ಯಾರ್ನ ಕೇಳ್ಬೇಕು ಅಂತ ನಿಂಗೆ ಗೊತ್ತಿಲ್ವಾ?” ಅವತ್ತಿನಿಂದ ನಾವು ಕೇಳಿ, ಓದಿ, ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಗೊತ್ತಿಲ್ಲದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಎರಡು ಉದಾಹರಣೆ ಇವೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ವಿಷ ಬೆರೆತ ಹಸುವಿನ ಮಾಂಸ ತಿಂದು ಸತ್ತವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಹುಲಿಗೆ ಇಟ್ಟ ಬೋನಿನೊಳಗೆ ಜನ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಎರಡೂ ಕಡೆ ನೋವಿತ್ತು, ಸಿಟ್ಟಿತ್ತು. ನಾವೂ ಅದೇ ಸಿಟ್ಟಿನಲ್ಲಿ ಕಾವಲುಗಾರನನ್ನು ಬಯ್ದವರು, ಹಾಗಾಗಿ ಬೇರೆಯವರನ್ನು ದೂರುವ ಯೋಗ್ಯತೆ ನಮಗಿಲ್ಲ. ಆದರೆ ಬೋನಿನಿಂದಾಗಲಿ ವಿಷದಿಂದಾಗಲಿ ಒಂದು ಮಾರು ಕಂದಕವೂ ಆಗುವುದಿಲ್ಲ, ಕೇಸು ಮಾತ್ರ ಆಗುತ್ತದೆ.

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ನಾಡಿನ ರೈತ ಕಲಿತ ಪಾಠ ಒಂದಿದೆ. ಸಂಘ ಎಂದರೆ ಬೈಲಾ, ನೋಟಿಸು, ಕೋರಂ, ನಡವಳಿ, ಲೆಕ್ಕಪತ್ರ, ಮಹಾಸಭೆ. ಇದಿಷ್ಟು ಗೊತ್ತಿದ್ದವನಿಗೆ ಕಾಡಿನ ಆಡಳಿತ ಅರ್ಥವಾಗುವುದು ಕಷ್ಟವಲ್ಲ. ನಮ್ಮಲ್ಲಿ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳ ಇರುವ ಹಾಗೆ ಕಾಡಿಗೂ ಮೆಟ್ಟಿಲುಗಳಿವೆ.

ಮೊದಲು ಬಂಡೀಪುರದ ವಿಷಯ. ಮೈಸೂರು ಮಹಾರಾಜರ ಕಾಲದಲ್ಲಿ, 1941ರಲ್ಲಿ, ಇದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿತ್ತು. ನಮ್ಮ ಹಿಮವದ್ ಗೋಪಾಲಸ್ವಾಮಿಯ ಹೆಸರೇ ಅದಕ್ಕೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದಲ್ಲಿ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆಗ ಇಲ್ಲಿ ಸುಮಾರು 12 ಹುಲಿ ಎಂದು ಲೆಕ್ಕ. 2022ರ ಗಣತಿಯಲ್ಲಿ 150. ಒಳಗಿನ ಕೋರ್ ಪ್ರದೇಶ 872.24 ಚದರ ಕಿಲೋಮೀಟರ್, ಅದರ ಸುತ್ತ ಬಫರ್ 584.06 ಚದರ ಕಿಲೋಮೀಟರ್. ಹುಲಿ ಹೆಚ್ಚಿತು, ಊರೂ ಬೆಳೆಯಿತು, ದನವೂ ಹೆಚ್ಚಿತು. ಇಂಥ ಕಡೆ ಯಾರು ತೀರ್ಮಾನ ಮಾಡುತ್ತಾರೆ ಎಂಬುದು ಮುಖ್ಯ.

ಮೊದಲನೆಯ ಮೆಟ್ಟಿಲು ದೆಹಲಿಯದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಅದಕ್ಕೆ 2006ರಲ್ಲಿ ತಿದ್ದುಪಡಿ ಮಾಡಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವನ್ನು ರಚಿಸಿದರು. ಕೇಂದ್ರದ ಅರಣ್ಯ ಮಂತ್ರಿಗಳೇ ಅಧ್ಯಕ್ಷರು. ರಾಜ್ಯ ಸರ್ಕಾರ ತಯಾರಿಸಿದ ಹುಲಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಡುವುದು, ಹುಲಿ ಮೀಸಲಿನಲ್ಲಿ ಗಣಿ, ಕಾರ್ಖಾನೆಯಂಥದ್ದನ್ನು ತಡೆಯುವುದು, ಪ್ರವಾಸೋದ್ಯಮಕ್ಕೆ ನಿಯಮ ಹಾಕುವುದು, ಮನುಷ್ಯ ಮತ್ತು ಕಾಡುಪ್ರಾಣಿಗಳ ಸಂಘರ್ಷಕ್ಕೆ ಕ್ರಮ ಸೂಚಿಸುವುದು ಇದರ ಅಧಿಕಾರ. ಲಿಖಿತ ನಿರ್ದೇಶನ ಕೊಟ್ಟರೆ ಅಧಿಕಾರಿಗಳು ಪಾಲಿಸಲೇಬೇಕು. ಆದರೆ ಆ ನಿರ್ದೇಶನ ಸ್ಥಳೀಯ ಜನರ, ಅದರಲ್ಲೂ ಪರಿಶಿಷ್ಟ ಪಂಗಡದವರ ಹಕ್ಕಿಗೆ ಧಕ್ಕೆ ತರಕೂಡದು ಎಂದು ಅದೇ ಕಾಯ್ದೆಯಲ್ಲಿ ಬರೆದಿದೆ. ಇದನ್ನು ಎಲ್ಲರೂ ನೆನಪಿಡಬೇಕು.

ಎರಡನೆಯದು ಬೆಂಗಳೂರಿನದು. ಮುಖ್ಯಮಂತ್ರಿಗಳ ಅಧ್ಯಕ್ಷತೆಯಲ್ಲಿ ರಾಜ್ಯದ ಚಾಲನಾ ಸಮಿತಿ. ಇಲಾಖೆ ಇಲಾಖೆಗಳ ನಡುವೆ ಹೊಂದಾಣಿಕೆ ಮಾಡಿ, ಕೆಲಸ ಆಗುತ್ತಿದೆಯೇ ಎಂದು ನೋಡುವುದು ಅದರ ಕರ್ತವ್ಯ. ಹುಲಿ ಸಂರಕ್ಷಣಾ ಯೋಜನೆ ಮಾಡುವಾಗ ಅಲ್ಲಿನ ಜನರ ಬೇಸಾಯ, ಜೀವನೋಪಾಯ, ಅಭಿವೃದ್ಧಿಯ ಹಿತ ಕಾಯಬೇಕು ಎಂದು ರಾಜ್ಯ ಸರ್ಕಾರಕ್ಕೆ ಕಾಯ್ದೆ ಹೇಳುತ್ತದೆ. ಬಫರಿನ ಗಡಿ ಗೊತ್ತು ಮಾಡುವಾಗ ಗ್ರಾಮಸಭೆಯ ಜೊತೆ ಸಮಾಲೋಚನೆ ಮಾಡಬೇಕು. ಹುಲಿಗಾಗಿ ಊರು ಬಿಡಿಸುವುದಾದರೆ ಅದು ಜನರ ಸ್ವಇಚ್ಛೆಯಿಂದಲೇ ಆಗಬೇಕು.

ಮೂರನೆಯದು ಬಂಡೀಪುರ ಹುಲಿ ಸಂರಕ್ಷಣಾ ಪ್ರತಿಷ್ಠಾನ. ಪ್ರವಾಸಿಗರಿಂದ ಬರುವ ಪ್ರವೇಶ ಶುಲ್ಕ ಮುಂತಾದ ಹಣವನ್ನು ತಿರುಗಿ ಹುಲಿ ಮೀಸಲಿಗೂ ಅದರ ಅಂಚಿನ ಜನರ ಏಳಿಗೆಗೂ ಬಳಸುವುದು ಇಂಥ ಪ್ರತಿಷ್ಠಾನಗಳ ಉದ್ದೇಶಗಳಲ್ಲಿ ಒಂದು ಎಂದು ಕಾಯ್ದೆಯ 38-ಎಕ್ಸ್ ಕಲಮಿನಲ್ಲಿದೆ. ನಮ್ಮ ಸಂಘದಲ್ಲಿ ಲಾಭ ಬಂದರೆ ಬೋನಸ್ ಎಷ್ಟು ಅಂತ ಮಹಾಸಭೆಯಲ್ಲಿ ಕೇಳುವುದಿಲ್ಲವೇ? ಹಾಗೆಯೇ ಕಾಡಂಚಿನ ಊರುಗಳಿಗೆ ಏನು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಬರವಣಿಗೆಯಲ್ಲಿ ಮರ್ಯಾದೆಯಿಂದ ಕೇಳಬಹುದು. ಕೇಳುವುದು ಜಗಳವಲ್ಲ.

ನಾಲ್ಕನೆಯದು ಪರಿಸರ ಸೂಕ್ಷ್ಮ ವಲಯದ ಉಸ್ತುವಾರಿ ಸಮಿತಿ. 2012ರ ಅಕ್ಟೋಬರ್‌ನಲ್ಲಿ ಬಂಡೀಪುರದ ಸುತ್ತ ಈ ವಲಯವನ್ನು ಘೋಷಿಸಿದರು. 123 ಗ್ರಾಮಗಳು ಇದರಲ್ಲಿ ಬರುತ್ತವೆ. ಮೈಸೂರಿನ ಪ್ರಾದೇಶಿಕ ಆಯುಕ್ತರು ಸಮಿತಿಯ ಅಧ್ಯಕ್ಷರು. ಘೋಷಣೆಯಾದಾಗ ನಮ್ಮೂರಿನಲ್ಲಿ ಎಂಥೆಂಥ ಸುದ್ದಿ ಹಬ್ಬಿತ್ತು! ಜಮೀನು ಹೋಯ್ತದೆ, ಬೋರು ಕೊರೆಸಂಗಿಲ್ಲ, ಅರಿಶಿನ ಹಾಕಂಗಿಲ್ಲ ಅಂತ. ಸೂಕ್ಷ್ಮ ವಲಯ ಎಂದರೆ ಜಮೀನು ಕಿತ್ತುಕೊಳ್ಳುವುದಲ್ಲ. ನಮ್ಮ ಪಹಣಿ ನಮ್ಮ ಹೆಸರಿನಲ್ಲೇ ಇರುತ್ತದೆ. ಇದರ ಬಗ್ಗೆ ಕೇಂದ್ರ ಸರ್ಕಾರ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೂರು ಪಟ್ಟಿಗಳಿವೆ. ವಾಣಿಜ್ಯ ಗಣಿಗಾರಿಕೆ, ಕಲ್ಲು ಗಣಿ, ಮಾಲಿನ್ಯ ಮಾಡುವ ಕಾರ್ಖಾನೆ ಇಂಥವು ನಿಷೇಧದ ಪಟ್ಟಿಯಲ್ಲಿ. ಮರ ಕಡಿಯುವುದು, ಅಂತರ್ಜಲ ಎತ್ತುವುದು, ರಸ್ತೆ ಅಗಲ ಮಾಡುವುದು ನಿಯಂತ್ರಣದ ಪಟ್ಟಿಯಲ್ಲಿ. ಊರಿನವರು ಮಾಡಿಕೊಂಡು ಬಂದ ಬೇಸಾಯ, ತೋಟಗಾರಿಕೆ, ಮಳೆನೀರು ಕೊಯ್ಲು, ಸಾವಯವ ಕೃಷಿ ಅನುಮತಿಯ ಪಟ್ಟಿಯಲ್ಲಿ. ನಿಯಮ ಮೀರಿದವರ ಮೇಲೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ದೂರು ದಾಖಲಿಸುವ ಅಧಿಕಾರ ಈ ಸಮಿತಿಯ ಕಡೆಗಿದೆ. ಕಾನೂನು ಮೀರಿ ಕಲ್ಲು ಸಿಡಿಸಿ ಹಟ್ಟಿಯ ಗೋಡೆ ಬಿರುಕು ಬಿಟ್ಟರೆ ಚೆಕ್‌ಪೋಸ್ಟಿನವರ ಹತ್ತಿರ ಕೂಗಾಡಿ ಫಲವಿಲ್ಲ, ಈ ಸಮಿತಿಗೆ ಅರ್ಜಿ ಹೋಗಬೇಕು.

ಐದನೆಯದು ಊರಿನ ಮೆಟ್ಟಿಲು, ನಮ್ಮ ಕೈಗೆ ಎಟಕುವುದು ಇದೇ. ಕಾಡಂಚಿನ ಊರುಗಳ ಪರಿಸರ ಅಭಿವೃದ್ಧಿ ಸಮಿತಿ, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ಅರಣ್ಯ ಹಕ್ಕು ಸಮಿತಿ, ಎಲ್ಲಕ್ಕಿಂತ ಮೇಲೆ ಗ್ರಾಮಸಭೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಹಕ್ಕಿನ ಕೆಲಸ ಶುರುವಾಗುವುದೇ ಗ್ರಾಮಸಭೆಯಿಂದ. 2012ರ ತಿದ್ದುಪಡಿಯ ನಂತರ ಆ ಸಭೆಗೆ ಅರ್ಧದಷ್ಟು ಸದಸ್ಯರು ಬಂದರೆ ಮಾತ್ರ ಕೋರಂ, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ತಾಯಂದಿರೇ, ನೀವು ಬರದಿದ್ದರೆ ಸಭೆಯೇ ನಡೆಯುವುದಿಲ್ಲ ಅಂತ ಇದರರ್ಥ.

ಊರಿನ ಮೆಟ್ಟಿಲಿಗೆ ಎಷ್ಟು ಶಕ್ತಿ ಇದೆ ಎಂದು ನೋಡಬೇಕಾದರೆ ನಮ್ಮ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ. 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸೋಲಿಗರ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಅದೇ ವರ್ಷ ಆ ಕಾಡು ಹುಲಿ ಮೀಸಲೂ ಆಗಿತ್ತು. ದೇಶದ ಹುಲಿ ಮೀಸಲುಗಳಲ್ಲಿ ಇಂಥ ಹಕ್ಕು ಸಿಕ್ಕಿದ್ದು ಅಲ್ಲೇ ಮೊದಲು. ಜೇನು, ನೆಲ್ಲಿಕಾಯಿ ಕಿರುಉತ್ಪನ್ನದ ಹಕ್ಕು ಅವರಿಗೆ ಪುಕ್ಕಟೆ ಬರಲಿಲ್ಲ, ಸಭೆ ಸೇರಿ ಅರ್ಜಿ ಬರೆದು ತಾಳ್ಮೆಯಿಂದ ಕಾದರು. ಇನ್ನೊಂದು ಮದ್ದೂರಿದೆ, ಮಂಡ್ಯದ್ದು. ಬಸ್ಸಿನಲ್ಲಿ ಮದ್ದೂರು ಅಂದರೆ ವಡೆ ಊರಾ ಅಂತ ನಮ್ಮನ್ನು ಕೇಳುತ್ತಾರಲ್ಲ, ಅದೇ. ಆ ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಆಯಿತು. ಹೆಜ್ಜಾರ್ಲೆ, ಕೊಕ್ಕರೆಗಳು ಊರ ಮರದಲ್ಲೇ ಗೂಡು ಕಟ್ಟುತ್ತವೆ. ಸಮುದಾಯ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಸೂಚಿಸಿದ ಕನಿಷ್ಠ ಐದು ಜನ, ಅರಣ್ಯ ಇಲಾಖೆಯಿಂದ ಒಬ್ಬರು ಇರಬೇಕು, ಅಧ್ಯಕ್ಷರನ್ನು ಸಮಿತಿಯೇ ಆರಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಬಂಡೀಪುರ ನ್ಯಾಷನಲ್ ಪಾರ್ಕು, ಇಲ್ಲಿ ಹಾಗೆ ಆಗುವುದಿಲ್ಲ. ಆದರೆ ಊರಿನವರು ಕೂತು ಕಾಡಿನ ಆಡಳಿತ ನೋಡಬಹುದು ಎಂಬುದಕ್ಕೆ ಅದು ಸಾಕ್ಷಿ.

ಈಗ ಅಧಿಕಾರದ ಮಿತಿ ಹೇಳಬೇಕು. ಕೆಲವು ಸಮಿತಿ ಸಲಹೆ ಕೊಡುತ್ತವೆ, ಕೆಲವು ತೀರ್ಮಾನ ಮಾಡುತ್ತವೆ. ಈ ವ್ಯತ್ಯಾಸ ತಿಳಿಯದೆ ನಾವು ತಪ್ಪು ಬಾಗಿಲು ತಟ್ಟುತ್ತೇವೆ. ನ್ಯಾಷನಲ್ ಪಾರ್ಕಿನೊಳಗೆ ದನ ಮೇಯಿಸುವುದನ್ನು ವನ್ಯಜೀವಿ ಕಾಯ್ದೆಯ 35ನೇ ಕಲಂ ನಿಷೇಧಿಸಿದೆ. ಊರಿನ ಸಮಿತಿ ನೂರು ನಿರ್ಣಯ ಮಾಡಿದರೂ ಅದು ಬದಲಾಗುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಇದೆ ಎನ್ನುವವರ ದಾರಿ ಬೇರೆ, ಅದು ಗ್ರಾಮಸಭೆಯ ದಾರಿ. ನಮ್ಮ ಚೆಕ್‌ಪೋಸ್ಟಿನ ಗೇಟಿನ ವಿಷಯವೂ ಹಾಗೇ. ರಾತ್ರಿ 9ರಿಂದ ಬೆಳಗ್ಗೆ 6ರವರೆಗಿನ ಸಂಚಾರ ನಿಷೇಧ 2009ರಲ್ಲಿ ಜಿಲ್ಲಾಧಿಕಾರಿಗಳ ಆದೇಶದಿಂದ ಶುರುವಾಗಿ, ಆಮೇಲೆ ಹೈಕೋರ್ಟು ಎತ್ತಿಹಿಡಿದದ್ದು. ಗೇಟು ಹಾಕುವ ಹುಡುಗನಿಗೆ ಅದನ್ನು ತೆಗೆಯುವ ಅಧಿಕಾರ ಇಲ್ಲ.

ಹಕ್ಕಿನ ಮಾತು ಮುಗಿಯಿತು, ಕರ್ತವ್ಯದ ಮಾತು ಉಳಿದಿದೆ. ಹಿರಿಯರಿಗೆ ದೊಡ್ಡರೋಗದ ನೆನಪಿರಬಹುದು. 1968ರಲ್ಲಿ ಆ ರೋಗದಿಂದ ಬಂಡೀಪುರ, ಮುದುಮಲೈ ಕಾಡಿನಲ್ಲಿ ಕಾಟಿಗಳ ಹಿಂಡೇ ನಾಶವಾಯಿತು. ನಾಡ ದನದಿಂದ ಕಾಡಿಗೆ ಹರಡುವ ರೋಗ ಅದು. ಲಸಿಕೆಯ ಬಲದಿಂದಲೇ 2011ರಲ್ಲಿ ದೊಡ್ಡರೋಗ ಲೋಕದಿಂದಲೇ ಇಲ್ಲವಾಯಿತು. ಆದರೆ ಕಾಲುಬಾಯಿ ರೋಗ ಇನ್ನೂ ಇದೆ. ಕಾಡಿನ 5 ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸಲು ಕ್ರಮ ಕೈಗೊಳ್ಳುವುದು ಮುಖ್ಯ ವನ್ಯಜೀವಿ ಪರಿಪಾಲಕರ ಕರ್ತವ್ಯ ಎಂದು ಅದೇ ಕಾಯ್ದೆಯ 33-ಎ ಕಲಮಿನಲ್ಲಿದೆ. ಲಸಿಕೆ ಕೇಳುವುದು ನಮ್ಮ ಹಕ್ಕು. ಲಸಿಕೆಯವರು ಬಂದಾಗ ಹಾಲು ಕಮ್ಮಿ ಆಯ್ತದೆ ಅಂತ ಹಸುವನ್ನು ಬಚ್ಚಿಡದೆ ಇರುವುದು ನಮ್ಮ ಕರ್ತವ್ಯ. ಬಚ್ಚಿಟ್ಟವರು ಯಾರ್ಯಾರು ಅಂತ ಇಲ್ಲಿ ಹೆಸರು ಹೇಳುವುದಿಲ್ಲ, ನಗಬೇಡಿ.

ಬೇಲಿಗೆ ನೇರ ಕರೆಂಟು ಕೊಡಬಾರದು, ಆನೆ ಜೊತೆ ಮನುಷ್ಯರೂ ಸಾಯುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿಯನ್ನು ಮರೆಯಲು ಆಗುತ್ತದೆಯೇ? ಬೇಸಿಗೆಯಲ್ಲಿ ಬದುವಿಗೆ ಕೊಟ್ಟ ಬೆಂಕಿ ಗಾಳಿಗೆ ಸಿಕ್ಕಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಯಾರು ಬಲ್ಲರು? ದನ ಸತ್ತರೆ ಮುಟ್ಟದೆ, ಎಳೆಯದೆ, ಹೂಳದೆ ತಕ್ಷಣ ಇಲಾಖೆಗೆ ತಿಳಿಸಿ, ಪಶುವೈದ್ಯರನ್ನು ಕರೆಸಿ, ಮಹಜರು ಮಾಡಿಸಬೇಕು. ಇದು ನಾವು ಒಂದು ಹಸುವಿನ ಬೆಲೆ ಕೊಟ್ಟು ಕಲಿತ ಪಾಠ.

ಕೊನೆಯದಾಗಿ, ಬೆಳ್ಳಿಹಬ್ಬದ ನೆನಪಿಗೆ ಸಂಘದ ಮುಂದೆ ನಾಲ್ಕು ಸಲಹೆ ಇಡುತ್ತೇವೆ. ಅಧ್ಯಕ್ಷರು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ವಿನಂತಿ.

1. ಡೈರಿಯಲ್ಲಿ ಒಂದು ಪುಸ್ತಕ ಇಡೋಣ. ಯಾವ ದಿನ, ಯಾರ ಹಸು, ಯಾವ ಹೊಲದಲ್ಲಿ, ಯಾವ ಪ್ರಾಣಿಯಿಂದ ಸತ್ತಿತು, ಅರ್ಜಿ ಕೊಟ್ಟದ್ದು ಯಾವಾಗ, ಪರಿಹಾರ ಬಂದದ್ದು ಯಾವಾಗ ಎಂದು ಬರೆಯೋಣ. ಬಾಯಿಮಾತಿಗಿಂತ ಪುಸ್ತಕಕ್ಕೆ ಬೆಲೆ ಹೆಚ್ಚು.

2. ಪರಿಸರ ಅಭಿವೃದ್ಧಿ ಸಮಿತಿಯ ಸಭೆಯ ನೋಟಿಸು ಡೈರಿಯ ಬೋರ್ಡಿಗೆ ಅಂಟಲಿ. ಬೆಳಗ್ಗೆ ಸಂಜೆ ಊರೆಲ್ಲ ಬರುವ ಜಾಗ ಇದೊಂದೇ.

3. ಆ ಸಭೆಯ ನಡವಳಿಯನ್ನು ವರ್ಷಕ್ಕೊಮ್ಮೆ ನಮ್ಮ ಮಹಾಸಭೆಯಲ್ಲಿ ಓದಲಿ. ಓದದೆ ಯಾರೂ ಸಹಿ ಹಾಕುವುದು ಬೇಡ.

4. ಕಾಲೋನಿಯವರು ಡೈರಿಗೆ ಹಾಲು ಹಾಕಲಿ, ಹಾಕದಿರಲಿ, ಕಾಡಿನ ವಿಷಯದ ಸಭೆಗೆ ಅವರನ್ನು ಮೊದಲು ಕರೆಯೋಣ. ಕಾಡನ್ನು ನಮಗಿಂತ ಬಲ್ಲವರು ಅವರು.

ಆ ಕಾವಲುಗಾರ ಹುಡುಗನ ಹತ್ತಿರ ನಾವು ಆಮೇಲೆ ಹೋಗಿ ತಪ್ಪಾಯ್ತು ಕನಪ್ಪ ಅಂದೆವು. “ಬುಡಣ್ಣ, ನಮ್ ಮನೇಲೂ ಎರಡು ಮೇಕೆ ಹೋಗವೆ” ಅಂದ. ಅವನ ಮನೆಯ ಮೇಕೆಯನ್ನು ಯಾರೂ ಲೆಕ್ಕ ಬರೆದಿರಲಿಲ್ಲ. ಪುಸ್ತಕ ಶುರುವಾದರೆ ಮೊದಲನೇ ಸಾಲಿನಲ್ಲಿ ಅದನ್ನು ಬರೆಯಬೇಕು ಎಂದು ನಮ್ಮ ಆಸೆ.

ನಾನು ಎಲ್ಲರಿಗಾಗಿ, ಎಲ್ಲರೂ ನನಗಾಗಿ ಎಂಬುದು ಸಹಕಾರದ ತತ್ವ. ಆ ಎಲ್ಲರೊಳಗೆ ಕಾಡೂ ಸೇರಲಿ, ಕಾಡಿನ ಸಮಿತಿಗಳೊಳಗೆ ನಾವೂ ಸೇರೋಣ. ಮಾತಿನಲ್ಲಿ ತಪ್ಪಿದ್ದರೆ ಹಿರಿಯರು ಮನ್ನಿಸಬೇಕು. 

ಜೈ ಹಿಂದ್, ಜೈ ಕರ್ನಾಟಕ.